ಹಾರ್ಸ್‌ಶೂ ಕಿಡ್ನಿಯಲ್ಲಿ 22 ಮಿ.ಮೀ. ಕಲ್ಲು, ಬೆನ್ನಿನಿಂದ ತೂತು ಮಾಡಿಯೇ ತೆಗೆಯಬೇಕಾ?

ಪ್ರಶ್ನೆ

ನನ್ನ ತಮ್ಮನಿಗೆ 34 ವರ್ಷ. ಪಕ್ಕೆ ನೋವು ಅಂತ ಸಿಟಿ ಸ್ಕ್ಯಾನ್ ಮಾಡಿಸಿದಾಗಲೇ ಗೊತ್ತಾಗಿದ್ದು, ಅವನ ಎರಡೂ ಕಿಡ್ನಿ ಕೆಳತುದಿಯಲ್ಲಿ ಕೂಡಿಕೊಂಡಿವೆ, ಕುದುರೆ ಲಾಳದ ಥರ. ಎಡಗಡೆ 22 ಮಿ.ಮೀ. ಕಲ್ಲಿದೆ. ಡಾಕ್ಟರ್ ಪಿಸಿಎನ್‌ಎಲ್ ಮಾಡೋಣ ಅಂದರು, ಅಂದರೆ ಬೆನ್ನಿನಿಂದ ಕಿಡ್ನಿಗೆ ಸಣ್ಣ ತೂತು ಮಾಡಿ ಕಲ್ಲು ತೆಗೆಯೋದು. ಹೊರಗಿಂದಲೇ ಶಾಕ್ ವೇವ್ ಕೊಟ್ಟು ಪುಡಿ ಮಾಡಿಸಿದರೆ ಆಗಲ್ವಾ? ಕೂಡಿಕೊಂಡಿರುವ ಜಾಗವನ್ನೂ ಕತ್ತರಿಸುತ್ತಾರಾ? ತುಂಬಾ ಭಯ ಆಗ್ತಿದೆ.

ಉತ್ತರ 1

ಅಕ್ಕಾ, ನನ್ನದೂ ಇದೇ ಥರದ ಕಿಡ್ನಿ. ನಾನು ಮೊದಲು ಶಾಕ್ ವೇವ್‌ಗೇ ಹೋದೆ. ಕಲ್ಲೇನೋ ಒಡೆಯಿತು, ಆದರೆ ಚೂರು ಇಳಿಯಲಿಲ್ಲ. ಮೂರು ವಾರ ಜಾಲರಿ ಹಿಡಿದು ಮೂತ್ರ ಸೋಸಿದೆ, ಸಿಕ್ಕಿದ್ದು ಸಾಸಿವೆ ಕಾಳಿನಷ್ಟು ಎರಡೇ ಚೂರು. ಈ ಕಿಡ್ನಿಯಲ್ಲಿ ಮೂತ್ರನಾಳ ಮೇಲಿನಿಂದ ಹೊರಟು, ಕೂಡಿಕೊಂಡಿರುವ ಸೇತುವೆ ಥರದ ಭಾಗವನ್ನು ದಾಟಿ ಕೆಳಗೆ ಬರಬೇಕು. ಹಾಗಾಗಿ ಮೂತ್ರ ನಿಧಾನವಾಗಿ ಇಳಿಯುತ್ತೆ, ಚೂರು ಅಲ್ಲೇ ಕೂರುತ್ತೆ. ಕಲ್ಲು ಆಗೋದಕ್ಕೂ ಅದೇ ಒಂದು ಕಾರಣ. ಕೊನೆಗೆ ಪಿಸಿಎನ್‌ಎಲ್ ಮಾಡಿಸಿಕೊಂಡೆ. ಬೆನ್ನಲ್ಲಿ ಉಳಿದಿದ್ದು ಒಂದು ಸೆಂಟಿಮೀಟರ್ ಗಾಯ ಅಷ್ಟೇ. ಸ್ಟೆಂಟ್ (ಮೂತ್ರನಾಳದೊಳಗೆ ಇಟ್ಟಿದ್ದ ತೆಳು ಕೊಳವೆ) ಇದ್ದಷ್ಟು ದಿನ ಮಾತ್ರ ಉರಿ, ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸೋದು ಜಾಸ್ತಿ ಇತ್ತು.

ಉತ್ತರ 2

ಯೂರಾಲಜಿ ವಿಭಾಗದಲ್ಲಿ ಕೆಲಸ ಮಾಡ್ತೀನಿ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ. 2 ಸೆಂ.ಮೀ. ಮೀರಿದ ಕಲ್ಲಿಗೆ ಸಾಮಾನ್ಯವಾಗಿ ಪಿಸಿಎನ್‌ಎಲ್ ಅನ್ನೇ ಹೇಳೋದು. ಅದಕ್ಕಿಂತ ಚಿಕ್ಕದಾಗಿದ್ದರೆ ಮೂತ್ರದ ದಾರಿಯಲ್ಲೇ ಬಾಗುವ ಸ್ಕೋಪ್ (ಒಳಗೆ ನೋಡುವ ತೆಳು ಕೊಳವೆ) ಹಾಕಿ ಲೇಸರ್‌ನಿಂದ ಪುಡಿ ಮಾಡೋದನ್ನೂ ಯೋಚಿಸಬಹುದು.

ಗರ್ಭದಲ್ಲಿ ಕಿಡ್ನಿ ಮೇಲೇರುವಾಗ ಈ ಸೇತುವೆ ದೊಡ್ಡ ಕರುಳಿನ ಒಂದು ರಕ್ತನಾಳಕ್ಕೆ ತಡೆದು ನಿಲ್ಲುತ್ತೆ, ಅದಕ್ಕೇ ಕಿಡ್ನಿ ಕೆಳಗೇ ಉಳಿಯುತ್ತೆ. ಇದರಿಂದ ಒಂದು ಅನುಕೂಲ ಇದೆ: ಮೇಲಿನ ಭಾಗಕ್ಕೆ ಸೂಜಿ ಹಾಕಿದರೂ ಶ್ವಾಸಕೋಶದ ಪೊರೆಗೆ ತಗಲುವ ಭಯ ಕಡಿಮೆ. ಕಷ್ಟ ಅಂದರೆ ಬೆನ್ನಿಂದ ಕಲ್ಲಿನ ತನಕ ದೂರ ಜಾಸ್ತಿ, ಮಾಮೂಲಿ ಸ್ಕೋಪ್ ಕೆಲವೊಮ್ಮೆ ಎಟುಕಲ್ಲ. ಉದ್ದದ ಸ್ಕೋಪ್, ಬಾಗುವ ಸ್ಕೋಪ್ ಎರಡೂ ಇವೆಯಾ, ಇಂಥ ಕಿಡ್ನಿಗೆ ಮೊದಲು ಮಾಡಿದ್ದೀರಾ ಅಂತ ಡಾಕ್ಟರನ್ನೇ ಕೇಳಿ, ಸಂಕೋಚ ಬೇಡ. ಕರುಳು ಕಿಡ್ನಿಯ ಹಿಂದೆ ಬಂದಿದೆಯಾ ಅಂತ ಸಿಟಿಯಲ್ಲಿ ನೋಡಿಕೊಂಡೇ ಸೂಜಿ ಹಾಕೋದು.

ಕಲ್ಲಿಗೋಸ್ಕರ ಸೇತುವೆ ಕತ್ತರಿಸಲ್ಲ. ಮೂತ್ರನಾಳ ಶುರುವಾಗುವ ಕಡೆ ನಿಜವಾಗಿಯೂ ಕಟ್ಟಿಕೊಂಡಿದ್ದರೆ ಅದನ್ನು ಸರಿ ಮಾಡಬೇಕಾಗುತ್ತೆ, ಅದು ಬೇರೆ ಆಪರೇಷನ್. ಇನ್ನೊಂದು ಮಾತು, ಕಾಯುವಾಗ ನೋವಿನ ಜೊತೆ ಚಳಿಜ್ವರ ಬಂದರೆ ಬೆಳಗಾಗಲಿ ಅಂತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಉತ್ತರ 3

ತೆಗೆದ ಕಲ್ಲನ್ನು ಪರೀಕ್ಷೆಗೆ ಕಳಿಸೋಕೆ ಮರೀಬೇಡಿ. 24 ಗಂಟೆ ಮೂತ್ರ ಹಿಡಿದು ಕ್ಯಾಲ್ಸಿಯಂ, ಸಿಟ್ರೇಟ್ ನೋಡಿಸಿ. ಸುಮ್ನೆ ಕಿಡ್ನಿ ಆಕಾರದ ಮೇಲೆ ತಪ್ಪು ಹಾಕಿ ಬಿಟ್ಟರೆ ಮತ್ತೆ ಕಲ್ಲಾಗುತ್ತೆ, ನಮ್ಮ ಮನೆಯವರಿಗೆ ಹಾಗೇ ಆಯ್ತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೇತುವೆ ಕತ್ತರಿಸಲ್ಲ ಅಂತ ಓದಿ ತಮ್ಮ ಇವತ್ತು ಸರಿಯಾಗಿ ಊಟ ಮಾಡಿದ. ಸ್ಕೋಪ್ ವಿಷಯ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೀನಿ, ಸೋಮವಾರ ಕೇಳ್ತೀವಿ.