ಚಾಲಿ ಕೇಳಿದರೆ ರಾಶಿ, ಬೆಟ್ಟೆಯೂ ಬರುತ್ತಿದೆ, ಏಕೆ?

ಪ್ರಶ್ನೆ (ಶಿರಸಿ): ಅಕ್ಕ, ನಮಸ್ಕಾರ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮಾರುಕಟ್ಟೆಗಳ ಅಡಿಕೆ ದರ ಕೊಡುವ ವೆಬ್ ಎಪಿಐ (ಬೇರೆ ಆ್ಯಪ್ ಕೇಳಿದ ಮಾಹಿತಿ ಕೊಡುವ ಪ್ರೋಗ್ರಾಂ) ಬರೆದಿದ್ದೇನೆ. ವಿಳಾಸದ ಕೊನೆಗೆ ‘?ವಿಧ=ಚಾಲಿ’ ಸೇರಿಸಿದರೆ ಚಾಲಿ ಎಂಬ ಅಡಿಕೆಯ ದರ ಮಾತ್ರ ಬರುತ್ತದೆ. ಗೆಳೆಯ ‘?ಬಗೆ=ಚಾಲಿ’ ಎಂದು ಕೇಳಿದ; ರಾಶಿ, ಬೆಟ್ಟೆ, ಕೆಂಪುಗೋಟು ಹೀಗೆ ಎಲ್ಲ ವಿಧದ ಅಡಿಕೆಯ ದರವೂ ಬಂತು. ಅವನು ಎಲ್ಲದರ ಸರಾಸರಿ ತೆಗೆದು ಚಾಲಿಯ ದರವೆಂದು ಆ್ಯಪ್‌ನಲ್ಲಿ ತೋರಿಸಿದ. ತಿದ್ದಬೇಕಾದವರು ಯಾರು?

ಉತ್ತರ: ನೀನೇ, ತಮ್ಮಾ. ಗೊತ್ತಿಲ್ಲದ ಪ್ಯಾರಾಮೀಟರ್ (ವಿಳಾಸದಲ್ಲಿ ‘?’ ನಂತರ ಬರುವ ಹೆಸರು) ಬಂದರೆ ನಿನ್ನ ಎಪಿಐ ಅದನ್ನು ಕಡೆಗಣಿಸಿ ಇಡೀ ಪಟ್ಟಿ ಕೊಡುತ್ತಿದೆ. ಫಿಲ್ಟರ್ ವಿಷಯದಲ್ಲಿ ಈ ಔದಾರ್ಯ ಅಪಾಯಕಾರಿ. ಅವನಿಗೆ 200 (ಎಲ್ಲ ಸರಿ) ಎಂಬ ಉತ್ತರವೂ ಬಂತು, ದರಗಳೂ ಬಂದವು. ಅನುಮಾನ ಪಡಲು ಕಾರಣವೇ ಇರಲಿಲ್ಲ. ಬೆಳೆಗಾರ ಅದೇ ದರ ನಂಬಿ ಅಡಿಕೆ ಮಾರಿಬಿಟ್ಟರೆ? ಒಪ್ಪುವ ಹೆಸರುಗಳ ಪಟ್ಟಿಯನ್ನು ಕೋಡ್‌ನಲ್ಲಿಯೇ ಇಡು. ಅದರಲ್ಲಿಲ್ಲದ್ದು ಬಂದರೆ 400 (ಕೋರಿಕೆಯೇ ತಪ್ಪು) ಕೊಟ್ಟು, ‘ಬಗೆ ಎಂಬ ಫಿಲ್ಟರ್ ಇಲ್ಲ; ವಿಧ, ಮಾರುಕಟ್ಟೆ, ದಿನಾಂಕ ಬಳಸಿ’ ಎಂದು ಸ್ಪಷ್ಟವಾಗಿ ಹೇಳು. ಹೆಸರು ಸರಿಯಿದ್ದು, ಆ ದಿನ ಚಾಲಿಯ ವಹಿವಾಟೇ ನಡೆದಿಲ್ಲವೆಂದರೆ 200ರ ಜೊತೆ ಖಾಲಿ ಪಟ್ಟಿ ಕಳುಹಿಸು. ಅಲ್ಲಿ 404 (ಸಿಗಲಿಲ್ಲ) ಬೇಡ.

ಮರುಪ್ರಶ್ನೆ: ‘ಕನಿಷ್ಠಚೀಲ=40’ ಎಂದರೆ 9 ಚೀಲದ ಲಾಟು ಬರುತ್ತದೆ, 100 ಚೀಲದ್ದು ಬರುವುದಿಲ್ಲ.

ಉತ್ತರ: ಯುಆರ್‌ಎಲ್‌ನಲ್ಲಿ (ವೆಬ್ ವಿಳಾಸದಲ್ಲಿ) ಬರುವುದೆಲ್ಲ ಪಠ್ಯ. ನಿನ್ನ ಟೇಬಲ್‌ನಲ್ಲಿಯೂ ಚೀಲದ ಕಾಲಂ ಬಹುಶಃ ಪಠ್ಯವಾಗಿಯೇ ಇದೆ. ಹಾಗಾಗಿ ಹೋಲಿಕೆ ಎಡದಿಂದ ಒಂದೊಂದೇ ಅಂಕಿಯಾಗಿ ನಡೆಯುತ್ತದೆ: 4ಕ್ಕಿಂತ 9 ದೊಡ್ಡದು, 1 ಚಿಕ್ಕದು, ಅಲ್ಲಿಗೆ ತೀರ್ಮಾನ. ಕಾಲಂ ಅನ್ನು ಪೂರ್ಣಾಂಕವಾಗಿಸು. ಬಂದ ಮೌಲ್ಯವನ್ನೂ ಬಾಗಿಲಲ್ಲೇ ಪೂರ್ಣಾಂಕಕ್ಕೆ ಬದಲಿಸು, ಬದಲಾಗದಿದ್ದರೆ ಮತ್ತೆ 400. ಎಸ್‌ಕ್ಯೂಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ) ವಾಕ್ಯಕ್ಕೆ ಮೌಲ್ಯವನ್ನು ನೇರವಾಗಿ ಅಂಟಿಸಲೇಬೇಡ, ಪ್ಲೇಸ್‌ಹೋಲ್ಡರ್ (ಮೌಲ್ಯಕ್ಕಾಗಿ ಕಾದಿಟ್ಟ ಜಾಗ) ಮೂಲಕ ಕೊಡು. ‘ದರದ ಕ್ರಮದಲ್ಲಿ ಜೋಡಿಸು’ ಎಂಬಲ್ಲಿ ಬರುವ ಕಾಲಂ ಹೆಸರಿಗೆ ಪ್ಲೇಸ್‌ಹೋಲ್ಡರ್ ಕೆಲಸ ಮಾಡುವುದಿಲ್ಲ. ಅದನ್ನು ಒಪ್ಪಿದ ಪಟ್ಟಿಯಿಂದಲೇ ಆರಿಸು. ಈ ಒಂದು ಜಾಗವನ್ನು ಅನುಭವಿಗಳೂ ಮರೆಯುತ್ತಾರೆ.

ಇನ್ನೊಬ್ಬರು (ಕಾರವಾರ): ಮೇಡಂ, ಎಲ್ಲ ಸಾಲುಗಳನ್ನೂ ಮೊಬೈಲ್‌ಗೆ ಕಳುಹಿಸಿ ಅಲ್ಲಿಯೇ ಸೋಸಿದರೆ ಆಗದೇ? ಕನ್ನಡ ಅಕ್ಷರ ಯುಆರ್‌ಎಲ್‌ನಲ್ಲಿ ಕೆಡುವುದಿಲ್ಲವೇ?

ಉತ್ತರ: ಪಟ್ಟಿ ಚಿಕ್ಕದಿದ್ದರೆ ಆದೀತು. ಹಲವು ವರ್ಷಗಳ ದರ ಸೇರಿದರೆ ಘಟ್ಟದ ಮೇಲಿನ ಹಳ್ಳಿಯ ದುರ್ಬಲ ಸಿಗ್ನಲ್‌ನಲ್ಲಿ ಪರದೆ ತೆರೆಯುವುದೇ ಇಲ್ಲ. ಸೋಸುವ ಕೆಲಸ ಡೇಟಾಬೇಸ್‌ನದು. ಕನ್ನಡ ಕೆಡುವುದಿಲ್ಲ, ಉದ್ದವಾಗುತ್ತದೆ ಅಷ್ಟೆ: ‘ಚಾಲಿ’ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ 12 ಬೈಟ್, ವಿಳಾಸದೊಳಗೆ ಬಳಸುವ ಶೇಕಡಾ (%) ಚಿಹ್ನೆಗಳ ರೂಪದಲ್ಲಿ 36 ಅಕ್ಷರ. ಆ ಪರಿವರ್ತನೆಯನ್ನು ಕೈಯಿಂದ ಬರೆಯಬೇಡಿ, ಲೈಬ್ರರಿಗೆ ಬಿಡಿ.