ಪದಚರ್ಚೆ: ಗೊಂಬೆಯ ಕೀಲು ‘ಬಿಗಿ’ಯೋ, ‘ಹಿಡಿತ’ವೋ?

ಪ್ರಶ್ನೆ: ಸ್ಟಾಪ್ ಮೋಷನ್ ಚಿತ್ರೀಕರಣಕ್ಕೆ (ಗೊಂಬೆಯನ್ನು ಚೂರುಚೂರೇ ಕದಲಿಸಿ ಒಂದೊಂದೇ ಚಿತ್ರ ತೆಗೆಯುವುದು) ಆಕ್ಷನ್ ಫಿಗರುಗಳನ್ನು, ಅಂದರೆ ಕೈಕಾಲು ಮಡಿಯುವ ಆಟಿಕೆಗಳನ್ನು, ಮಾರ್ಪಡಿಸುವ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಎರಡು ತೊಡಕು. ‘ಕೀಲುಗೊಂಬೆ’ ಎಂದರೆ ಓದುವವರು ಕೀಲಿ ಕೊಟ್ಟರೆ ಓಡುವ ಆಟಿಕೆ ಎಂದುಕೊಳ್ಳುವುದಿಲ್ಲವೇ? ಇನ್ನೊಂದು, ಜಾಯಿಂಟ್ ‘ಟೈಟ್’ ಎನ್ನುವ ಕಡೆಗೆಲ್ಲ ‘ಬಿಗಿ’ ಎಂದು ಹಾಕಿದರೆ ಸಾಕೇ?

ಉತ್ತರ: ಮೊದಲನೆಯದು ಸಣ್ಣ ಸಂಗತಿ. ಕೀಲು, ಕೀಲಿ ನಡುವೆ ಇರುವುದು ಒಂದು ಸ್ವರ. ಮಾತಿನಲ್ಲಿ ಅದೂ ಅಳಿಸಿಹೋಗುತ್ತದೆ. ಆದ್ದರಿಂದ ‘ಆಕ್ಷನ್ ಫಿಗರ್’ ಹಾಗೇ ಇರಲಿ, ಎರಡನೇ ಸಲದಿಂದ ಬರೀ ‘ಗೊಂಬೆ’ ಸಾಕು. 1964ರಲ್ಲಿ ಹ್ಯಾಸ್‌ಬ್ರೊ ಕಂಪನಿ ಜಿ.ಐ. ಜೋ ಎಂಬ ಸೈನಿಕ ಆಟಿಕೆ ತಂದಾಗ, ಗೊಂಬೆ ಎಂದರೆ ಗಂಡುಹುಡುಗರು ಮುಟ್ಟಲಾರರೆಂದು ಕಟ್ಟಿದ ಹೆಸರು ‘ಆಕ್ಷನ್ ಫಿಗರ್’. ತೊಗಲುಗೊಂಬೆ, ಸೂತ್ರದ ಗೊಂಬೆ ಆಡಿಸಿದ ಕನ್ನಡಕ್ಕೆ ಆ ಮುಜುಗರವಿಲ್ಲ.

‘ಕೀಲು’ ಬಳಸುವಾಗ ಬೇರೊಂದು ಎಚ್ಚರ ಬೇಕು. ಬಂಡಿಯ ಕಡೆಗೀಲಿನಲ್ಲಿರುವ ಕೀಲು ಎಂದರೆ ತೂರಿಸಿದ ಗೂಟ. ಕೀಲುನೋವಿನಲ್ಲಿರುವುದು ಎರಡು ಮೂಳೆ ಕೂಡುವ ಜಾಗ. ಗೊಂಬೆಯ ಮೊಣಕಾಲಿನಲ್ಲಿ ಎರಡೂ ಇವೆ: ಮಡಿಯುವ ಜಾಗ, ಅದರೊಳಗೊಂದು ಸಣ್ಣ ಪಿನ್ನು. ‘ಕೀಲನ್ನು ಹೊರಕ್ಕೆ ತಳ್ಳಿ’ ಎಂದು ಬರೆದರೆ ಮೊಣಕಾಲೇ ಮುರಿದೀತು. ಜಾಗಕ್ಕೆ ಕೀಲು, ಒಳಗಿನದಕ್ಕೆ ಪಿನ್ನು ಎಂದು ಒಮ್ಮೆ ಹೇಳಿ ಅದನ್ನೇ ಪಾಲಿಸಿ. ಬಗೆಗಳಿಗೆ ಗುಂಡುಕೀಲು (ಬಟ್ಟಲಲ್ಲಿ ಗುಂಡು ತಿರುಗುವಂಥದು), ಬಿಜಾಗರಿ ಕೀಲು (ಬಾಗಿಲಿನಂತೆ ಮಡಿಯುವಂಥದು), ಹಲ್ಲುಕೀಲು ಎಂದರೆ ನೋಡಿದವರಿಗೆಲ್ಲ ತಿಳಿಯುತ್ತದೆ. ಹಲ್ಲುಕೀಲು ಎಂದರೆ ಕಟಕ್ ಕಟಕ್ ಎಂದು ಮೆಟ್ಟಿಲು ಮೆಟ್ಟಿಲಾಗಿ ತಿರುಗುವಂಥದು. ದೊಡ್ಡ, ಭಾರದ ಗೊಂಬೆಗಳಲ್ಲಿ ಕಾಣಸಿಗುತ್ತದೆ. ಎರಡು ಹಲ್ಲುಗಳ ನಡುವೆ ಅದು ನಿಲ್ಲುವುದಿಲ್ಲ, ಹಾಗಾಗಿ ನಿಧಾನದ ಚಲನೆಗೆ ಒಗ್ಗುವುದಿಲ್ಲ.

ನಿಜವಾದ ಪ್ರಶ್ನೆ ‘ಬಿಗಿ’ಯದು. ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್), ಒಂದೊಂದು ಭಂಗಿಗೆ ಎರಡು ಚೌಕಟ್ಟು ಎಂದು ಹಿಡಿದರೂ 10 ಸೆಕೆಂಡಿಗೆ 120 ಸಲ ಗೊಂಬೆಯನ್ನು ಮುಟ್ಟಬೇಕು. ಪ್ರತಿ ಸಲವೂ ಕೀಲು ಕೂದಲೆಳೆಯಷ್ಟು ಕದಲಿ, ಕೈ ಬಿಟ್ಟಲ್ಲೇ ನಿಲ್ಲಬೇಕು. ಇವು ಎರಡು ಬೇರೆ ಗುಣಗಳು. ಕದಲಿಸಲು ಬೇಕಾಗುವ ಬಲ ಬಿಗಿ. ಬಿಟ್ಟಲ್ಲಿ ನಿಲ್ಲುವುದು ಹಿಡಿತ. ಬಿಗಿ ಬಹಳವಿರುವ ಕೀಲು ಮೊದಲು ಕದಲುವುದೇ ಇಲ್ಲ. ಬಲ ಹಾಕಿದಾಗ ಒಮ್ಮೆಲೇ ಬಿಟ್ಟುಕೊಂಡು, ಎರಡು ಡಿಗ್ರಿ ಬೇಕಾದಲ್ಲಿ ಹತ್ತು ಡಿಗ್ರಿ ಜಾರುತ್ತದೆ. ಪರದೆಯ ಮೇಲೆ ಅದು ಬೆಚ್ಚಿಬಿದ್ದಂತೆ ಕಾಣುತ್ತದೆ. ಹಿಡಿತವಿಲ್ಲದ ಕೀಲಿನ ಕೈ ಮೆಲ್ಲಗೆ ಇಳಿಯುತ್ತಲೇ ಇರುತ್ತದೆ. ಮೂರನೆಯದು ಕೀಲು ಅಂಟಿ ನಿಂತುಹೋಗುವುದು, ಅದಕ್ಕೆ ಮೆಕ್ಯಾನಿಕ್‌ಗಳ ಮಾತೇ ಸರಿ: ‘ಕಚ್ಚಿಕೊಂಡಿದೆ’. ಬಣ್ಣ ಅಂಟಿ ಕಚ್ಚಿಕೊಂಡ ಕೀಲನ್ನು ತಿರುಚಿದರೆ ಪಿನ್ನೇ ತುಂಡಾಗುತ್ತದೆ. ಬಿಸಿನೀರಿನಲ್ಲಿ ಒಂದೆರಡು ನಿಮಿಷ ಇಟ್ಟು ಮೆಲ್ಲಗೆ ಬಿಡಿಸಬೇಕು.

‘ಸಡಿಲ ಕೀಲನ್ನು ಬಿಗಿ ಮಾಡಿ’ ಎಂದು ಬರೆದರೆ ಜನ ನೇರ ಫೆವಿಕ್ವಿಕ್ ಸುರಿಯುತ್ತಾರೆ, ಕೀಲು ಶಾಶ್ವತವಾಗಿ ನಿಂತುಹೋಗುತ್ತದೆ. ‘ಹಿಡಿತ ಕೊಡಿ’ ಎಂದು ಬರೆದು ಕ್ರಮವನ್ನೂ ಹೇಳಿ. ಮೊದಲು ಗುಂಡು ಕೂರುವ ಬಟ್ಟಲು ಸೀಳಿದೆಯೇ ನೋಡಬೇಕು. ಸೀಳಿದ್ದರೆ ಲೇಪದಿಂದ ಏನೂ ಆಗದು. ಬಟ್ಟಲು ಮೆತ್ತನೆಯ ಪಿವಿಸಿಯಾದರೆ ಬಿಸಿನೀರಿನಲ್ಲಿ ಮೆದುಮಾಡಿ ಗುಂಡನ್ನು ಹೊರತೆಗೆಯಿರಿ, ಎಣ್ಣೆಜಿಡ್ಡು ಒರೆಸಿ. ಫೆವಿಕಾಲ್‌ನಂಥ ಬಿಳಿ ಅಂಟಿಗೆ ತುಸು ನೀರು ಬೆರೆಸಿ ಗುಂಡಿಗೆ ಮಾತ್ರ ತೆಳುವಾಗಿ ಸವರಿ, ಒಂದು ದಿನ ಒಣಗಿಸಿ ಕೂರಿಸಿ. ಸಾಲದಿದ್ದರೆ ಇನ್ನೊಂದು ಪದರ. ಒಮ್ಮೆಗೇ ದಪ್ಪ ಹಚ್ಚಿದರೆ ಸಿಪ್ಪೆ ಸುಲಿದುಬರುತ್ತದೆ. ಫೆವಿಕ್ವಿಕ್ಕೇ ಬೇಕೆಂದರೆ ಗುಂಡಿಗೆ ಒಂದು ಹನಿ ಸವರಿ, ಪೂರ್ತಿ ಒಣಗಿದ ಮೇಲೆ 1000 ನಂಬರಿನ ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿ. ಹಸಿಯಿರುವಾಗ ಕೂರಿಸಿದರೆ ಮುಗಿಯಿತು. ಉಗುರುಬಣ್ಣ ಬೇಡ, ಅದರ ದ್ರಾವಕ ಎಬಿಎಸ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ.

ಬಿಗಿ ಹೆಚ್ಚಾದ ಕಡೆ ಮಾಡುವ ಕೆಲಸಕ್ಕೆ ‘ಸಡಿಲಿಸು’ ಎನ್ನಬೇಡಿ, ‘ಹದ ಮಾಡು’ ಎನ್ನಿ. ಗುಂಡನ್ನು ಕೊಂಚ ಉಜ್ಜುವುದು, ಇಲ್ಲವೇ ಸೂಜಿಮೊನೆಯಷ್ಟು ಸಿಲಿಕೋನ್ ಎಣ್ಣೆ. ಯಂತ್ರದೆಣ್ಣೆ ಹಾಕಿದರೆ ಒತ್ತಡದಲ್ಲಿರುವ ಎಬಿಎಸ್ ಕ್ರಮೇಣ ಬಿರುಕುಬಿಡಬಹುದು.

ಹಿಡಿತವನ್ನು ಕಣ್ಣಂದಾಜಿನಲ್ಲಿ ನಂಬಬೇಡಿ. ಕೈಯನ್ನು ಅಡ್ಡಕ್ಕೆ ಚಾಚಿಸಿ, ಕತ್ತಿಯೋ ಕೋಲೋ ಹಿಡಿಸಿ ಒಂದು ಫೋಟೊ, ಗಂಟೆಯ ಮೇಲೆ ಇನ್ನೊಂದು, ಕ್ಯಾಮೆರಾ ಕದಲಬಾರದು. ಎರಡನ್ನೂ ಒಂದರ ಮೇಲೊಂದಿಟ್ಟರೆ ಕೈ ಇಳಿದದ್ದು ತಿಳಿಯುತ್ತದೆ. ಎಲ್ಲ ಕೀಲಿಗೂ ಒಂದೇ ಹಿಡಿತ ಸಾಲದು. ಇಡೀ ಮೈಭಾರ ಹೊರುವ ಕಾಲಿನ ಹರಡಿಗೆ (ಪಾದದ ಕೀಲಿಗೆ) ಎಲ್ಲಕ್ಕಿಂತ ಹೆಚ್ಚು, ಆಮೇಲೆ ಸೊಂಟ, ಮೊಣಕಾಲು, ಮಣಿಕಟ್ಟಿಗೆ ಕಡಿಮೆ. ಮಣಿಕಟ್ಟು ಭುಜಕ್ಕಿಂತ ಗಟ್ಟಿಯಾಗಿದ್ದರೆ ಅಂಗೈ ತಿರುಗಿಸಹೋದಾಗ ಇಡೀ ತೋಳೇ ತಿರುಗುತ್ತದೆ.

ಮರುಮಾತು: ಹಿಡಿತ ಒಪ್ಪಿದೆ. ಆದರೆ ‘ಬಿಗಿ’ಯನ್ನು ಪೂರ್ತಿ ಕೈಬಿಡಬೇಡಿ. ಗೊಂಬೆಯ ಪಾದವನ್ನು ವೇದಿಕೆಗೆ ಸ್ಕ್ರೂವಿನಿಂದ ಕೂರಿಸುವ ಕಡೆ ‘ಬಿಗಿಯುವುದು’ ಎಂಬ ಕ್ರಿಯಾಪದವೇ ಸರಿ. ಅಲ್ಲಿ ಕದಲುವ ಮಾತೇ ಇಲ್ಲ. ಅಂಗಾಲಿಗೆ 2.5 ಮಿ.ಮೀ ತೂತು ಕೊರೆದು ಎಂ3 (3 ಮಿ.ಮೀ ಸ್ಕ್ರೂವಿನ) ಟ್ಯಾಪಿನಿಂದ, ಅಂದರೆ ಸ್ಕ್ರೂ ಕೂರುವ ಸುರುಳಿಗೀರು ಕೊರೆಯುವ ಉಪಕರಣದಿಂದ, ಥ್ರೆಡ್ ಹಾಕಬಹುದು. ಆದರೆ ಪ್ಲಾಸ್ಟಿಕ್ಕಿನ ಥ್ರೆಡ್ ಹೆಜ್ಜೆ ಹೆಜ್ಜೆಗೂ ಬಿಚ್ಚಿ ಹಾಕುವಾಗ ಬೇಗ ಸವೆಯುತ್ತದೆ. ಪಾದದಲ್ಲಿ ಜಾಗವಿದ್ದರೆ ಎಂ3 ನಟ್ಟನ್ನೇ ಎಂಸೀಲ್‌ನಲ್ಲಿ ಹುದುಗಿಸಿ, ಥ್ರೆಡ್ಡಿನೊಳಗೆ ಎಂಸೀಲ್ ಇಳಿಯದಂತೆ ಮೊದಲೇ ವ್ಯಾಸಲೀನ್ ಸವರಿದ ಸ್ಕ್ರೂ ತೂರಿಸಿಡಿ. ವೇದಿಕೆಯ ತೂತು 4 ಮಿ.ಮೀ ಇದ್ದರೆ ಪಾದವನ್ನು ತುಸು ಅತ್ತಿತ್ತ ಸರಿಸಿಕೊಳ್ಳಲು ಬರುತ್ತದೆ. ಕೆಳಗಡೆ ವಾಷರ್ ಮರೆಯಬೇಡಿ.