ಶಾಲೆಯ ತೋಟಕ್ಕೆ ದುಡ್ಡು ಕೂಡಿಸಲು ಕ್ರಿಸ್‌ಮಸ್ ಗಿಡ ಬೆಳೆಸಬಹುದಾ?

ತೋಟದ ಟೀಚರ್, ಬೆಂಗಳೂರು
ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯಲ್ಲಿ 20 ಮಕ್ಕಳ ತೋಟದ ಗುಂಪು ಇದೆ. ಮಳೆನೀರು ಹಿಡಿಯಲು ಒಂದು ಟ್ಯಾಂಕ್ ಬೇಕು, ಅದಕ್ಕೆ ದುಡ್ಡು ಕೂಡಿಸಬೇಕು. ಪಕ್ಕದ ಬೀದಿಯಲ್ಲೇ ಚರ್ಚ್ ಇರುವುದರಿಂದ ಡಿಸೆಂಬರ್ ಬಂತು ಅಂದರೆ ಸುತ್ತಮುತ್ತಲಿನವರು ಗಿಡ ಹುಡುಕಿಕೊಂಡು ಓಡಾಡುತ್ತಾರೆ. ಅಂಗಳದಲ್ಲಿ ದೊಡ್ಡ ಅರಕೇರಿಯಾ (ನಮ್ಮಲ್ಲಿ ಕ್ರಿಸ್‌ಮಸ್ ಗಿಡ ಅಂತ ಇಡುವುದು) ಮರವಿದೆ. ಅದರ ಕೊಂಬೆ ಕತ್ತರಿಸಿ 50 ಕುಂಡಕ್ಕೆ ನೆಟ್ಟರೆ ಈ ಡಿಸೆಂಬರ್‌ಗೇ ಮಾರಬಹುದಾ? ಮಕ್ಕಳು ಆಗಲೇ ಕುಂಡಗಳಿಗೆ ಬಣ್ಣ ಹಚ್ಚುತ್ತಿದ್ದಾರೆ.

ನರ್ಸರಿ ಅಣ್ಣ
ಟೀಚರ್, ದಯವಿಟ್ಟು ಪಕ್ಕದ ಕೊಂಬೆ ನೆಡಬೇಡಿ. ಅರಕೇರಿಯಾದ ಪಕ್ಕದ ಕೊಂಬೆ ಬೇರು ಬಿಟ್ಟರೂ ಅಡ್ಡಕ್ಕೇ ಬೆಳೆಯುತ್ತದೆ, ನೆಟ್ಟಗೆ ಏಳುವುದಿಲ್ಲ. ಕೆಲಸ ಕಲಿಯುವಾಗ ನಾನೂ ಒಂದು ನೆಟ್ಟಿದ್ದೆ, ಮೂರು ವರ್ಷ ಆದ ಮೇಲೂ ಅದು ಬೀಸಣಿಗೆ ಥರ ಕುಂಡದ ಒಂದೇ ಮಗ್ಗುಲಿಗೆ ಚಾಚಿಕೊಂಡಿತ್ತು. ನೆತ್ತಿಯ ಕುಡಿ ನೆಟ್ಟರೆ ಆಕಾರ ಬರುತ್ತದೆ, ಆದರೆ ಅದನ್ನು ಕತ್ತರಿಸಿದರೆ ನಿಮ್ಮ ಮರದ ಅಂದ ಹಾಳು. ಬೀಜವೂ ಹಳತಾದರೆ ಮೊಳೆಯಲ್ಲ.

ಬೀಜದಿಂದ ಎಬ್ಬಿಸಿದ ಒಂದಡಿಯ ಸಸಿ ತಗೊಳ್ಳಿ. ಕುಂಡದಲ್ಲಿ ವರ್ಷಕ್ಕೆ ಅರ್ಧ ಅಡಿಯಿಂದ ಒಂದಡಿ ಬೆಳೆಯುತ್ತದೆ, ಅಂದರೆ ಮೇಜಿನ ಮೇಲಿಡುವಷ್ಟು ಅಂದವಾಗಲು ಎರಡು ವರ್ಷ ಬೇಕು. ಕೆಂಪು ಮಣ್ಣಿಗೆ ಮರಳು, ಎರೆಗೊಬ್ಬರ ಬೆರೆಸಿ. ಮೇಲಿನ ಮಣ್ಣು ಒಣಗಿದ್ದನ್ನು ಬೆರಳಿಟ್ಟು ನೋಡಿಯೇ ನೀರು ಹಾಕಿ, ಈ ಗಿಡ ಹೆಚ್ಚಾಗಿ ಸಾಯುವುದು ನೀರು ನಿಂತು ಬೇರು ಕೊಳೆತೇ. ಈ ವರ್ಷವೇ ಏನಾದರೂ ಮಾರಬೇಕು ಅಂದರೆ ಸ್ವಲ್ಪ ಥೂಜಾ (ಚಪ್ಪಟೆ ಎಲೆಯ ಪೊದೆಯಂಥ ಅಲಂಕಾರದ ಗಿಡ) ಸಸಿ ತಂದು ದೊಡ್ಡ ಕುಂಡಕ್ಕೆ ಬದಲಾಯಿಸಿ ಬೆಳೆಸಿ, ಅದು ಬೇಗ ತುಂಬಿಕೊಳ್ಳುತ್ತದೆ.

ಇಬ್ಬರು ಮಕ್ಕಳ ಅಮ್ಮ
ಏಪ್ರಿಲ್, ಮೇ ರಜೆಯಲ್ಲಿ ಯಾರು ನೀರು ಹಾಕ್ತಾರೆ ಅಂತ ಮೊದಲು ಯೋಚಿಸಿ ಮೇಡಂ. ನಮ್ಮ ಮಕ್ಕಳ ಶಾಲೆಯಲ್ಲಿ ಎಲ್ಲಾ ಮುತುವರ್ಜಿಯಿಂದ ಬೆಳೆಸಿದ್ದರು, ಜೂನ್‌ನಲ್ಲಿ ಬಾಗಿಲು ತೆಗೆದಾಗ ಸಾಲಾಗಿ ಕಂದು ಕಡ್ಡಿಗಳು. ನನ್ನ ಮಗಳು ತನ್ನ ಹೆಸರು ಬರೆದಿದ್ದ ಕುಂಡ ಹಿಡಿದು ಅತ್ತೇಬಿಟ್ಟಳು. ರಜೆಗೆ ಒಬ್ಬೊಬ್ಬ ಮಗುವಿನ ಮನೆಗೆ ಎರಡು ಮೂರು ಕುಂಡ ಕಳಿಸಿಬಿಡಿ. ದಸರಾ ರಜೆಗೂ ಅಷ್ಟೇ.

ಕುಡ್ಲದ ಅಜ್ಜ
ಮಾರುವುದು ಯಾಕೆ, ಬಾಡಿಗೆಗೆ ಕೊಡಿ. ನಮ್ಮ ಕಡೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಜೋಡಣೆ), ಗಿಡ ಎಲ್ಲಾ ಜನವರಿ 6ರವರೆಗೆ, ಅಂದರೆ ಬಾಲ ಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬದವರೆಗೆ ಇಡುವವರಿದ್ದಾರೆ. ಆಮೇಲೆ ಪಾಪ, ಗಿಡ ಮೂಲೆ ಸೇರಿ ಒಣಗುತ್ತದೆ. ಕೆಲವರು ಕಾಂಪೌಂಡ್ ಪಕ್ಕ ನೆಟ್ಟುಬಿಡುತ್ತಾರೆ, ನೆಲದಲ್ಲಿ ಬೇರೂರಿದರೆ ಅದು 100 ಅಡಿ ದಾಟುವ ಮರ, ಮೇಲೆ ಕರೆಂಟ್ ತಂತಿ. ಠೇವಣಿ ತಗೊಂಡು ಕೊಟ್ಟು, ಹಬ್ಬ ಮುಗಿದ ಮೇಲೆ ವಾಪಸ್ ತರಿಸಿಕೊಂಡರೆ ಮುಂದಿನ ವರ್ಷ ಅದೇ ಗಿಡ ಇನ್ನೊಂದಡಿ ಎತ್ತರ, ಬಾಡಿಗೆಯೂ ಜಾಸ್ತಿ. ವಾಪಸ್ ಬಂದ ಗಿಡವನ್ನು ಸೀದಾ ಬಿಸಿಲಿಗೆ ಇಡಬೇಡಿ, ಸುಟ್ಟಂತೆ ಆಗುತ್ತದೆ, ವಾರ ಎರಡು ವಾರ ನೆರಳಲ್ಲಿಡಿ. ಭಾರದ ನಕ್ಷತ್ರ ನೆತ್ತಿಗೆ ಕಟ್ಟಬೇಡಿ ಅಂತ ಒಂದು ಚೀಟಿ ಅಂಟಿಸಿ. ಆ ಎಳೆ ಕುಡಿ ಮುರಿದರೆ ಗಿಡ ಮತ್ತೆ ಮೊದಲಿನಂತೆ ಆಗುವುದಿಲ್ಲ.

ತೋಟದ ಟೀಚರ್, ಬೆಂಗಳೂರು
ತುಂಬಾ ಥ್ಯಾಂಕ್ಸ್. ಕತ್ತರಿ ಒಳಗಿಟ್ಟಾಯ್ತು. 30 ಅರಕೇರಿಯಾ, 20 ಥೂಜಾ ಸಸಿ ತರುತ್ತೇವೆ, ಅರಕೇರಿಯಾ ಬಾಡಿಗೆಗೆ ಮಾತ್ರ. ಅಜ್ಜ, ಚೀಟಿಯ ಮಾತನ್ನು ಮಕ್ಕಳ ಕೈಯಲ್ಲೇ ಬರೆಸುತ್ತೇನೆ. ಅಣ್ಣ, ಒಂದು ಕೇಳಬೇಕಿತ್ತು, ಒಂದಡಿಯ ಸಸಿಗೆ ಎಂಟಿಂಚಿನ ಕುಂಡ ಸಾಕಾ?

ನರ್ಸರಿ ಅಣ್ಣ
ಸಾಕು ಟೀಚರ್. ತಳದಲ್ಲಿ ತೂತು ಇದೆಯಾ ನೋಡಿ, ಬಣ್ಣ ಹಚ್ಚುವಾಗ ಮುಚ್ಚಿಹೋಗಿರುತ್ತದೆ.